ಆಫ್ರಿಕಾದ ವರ್ತಕಿಯರು: ಸಂಪಾದನೆ ಯಾರದು, ತೀರ್ಮಾನ ಯಾರದು?

(ಕುಟುಂಬ ಸಮ್ಮಿಲನವೊಂದರಲ್ಲಿ ನೀಡಿದ ಭಾಷಣದ ಬರಹ ರೂಪ)



ಆಫ್ರಿಕಾ ಎಂದಾಕ್ಷಣ ನಮ್ಮ ಕಣ್ಣೆದುರು ಬರುವ ಚಿತ್ರಗಳು ಮೊದಲೇ ಸಿದ್ಧವಾಗಿರುತ್ತವೆ. ಬರ, ಅಂತರ್ಯುದ್ಧ, ಆಹಾರದ ಪೊಟ್ಟಣಕ್ಕಾಗಿ ಸಾಲುಗಟ್ಟಿ ನಿಂತ ತಾಯಂದಿರು. ಈ ಚಿತ್ರಗಳೆಲ್ಲ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದೇ ಖಂಡದ ಪಶ್ಚಿಮ ಕರಾವಳಿಯ ಟೋಗೋ ಎಂಬ ಪುಟ್ಟ ದೇಶದಲ್ಲಿ, ಬಟ್ಟೆ ಮಾರುವ ಹೆಂಗಸರ ಬಳಿ ಸರಕಾರವೇ ಕಾರು ಎರವಲು ಕೇಳುತ್ತಿದ್ದ ಕಾಲವೊಂದಿತ್ತು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ವಿದೇಶದ ಗಣ್ಯರು ಬಂದಾಗ ಅವರನ್ನು ಕರೆದೊಯ್ಯಲು ಯೋಗ್ಯವಾದ ವಾಹನಗಳು ಇದ್ದುದು ರಾಜಧಾನಿ ಲೋಮೆಯ ಮಾರುಕಟ್ಟೆಯ ವರ್ತಕಿಯರ ಮನೆಯಂಗಳದಲ್ಲಿ. ಅವರ ಮರ್ಸಿಡಿಸ್ ಬೆಂಝ್ ಕಾರುಗಳನ್ನು ನೋಡಿಯೇ ಜನರು ಅವರಿಗೆ 'ನಾನಾ ಬೆಂಝ್' ಎಂದು ಹೆಸರಿಟ್ಟರು. ನಾನಾ ಎಂಬುದು ಅಲ್ಲಿ ತಾಯಿಗೆ, ಹಿರಿಯಳಿಗೆ ಸಲ್ಲುವ ಗೌರವದ ಕರೆ.

ಮಹಿಳೆ ವ್ಯಾಪಾರ ಮಾಡಬಹುದೇ ಎಂಬ ಚರ್ಚೆಯನ್ನು ನಾವಿಂದು ಎತ್ತಿಕೊಳ್ಳುವುದಿಲ್ಲ. ಅದು ಎಂದೋ ಮುಗಿಯಬೇಕಾಗಿದ್ದ ಚರ್ಚೆ. ವ್ಯಾಪಾರ ಮಾಡಿ ಗೆದ್ದ ಮಹಿಳೆಯ ಗಳಿಕೆ ಎಲ್ಲಿ ನಿಂತಿತು, ಎಲ್ಲಿ ಸೋರಿಹೋಯಿತು ಎಂಬುದನ್ನಷ್ಟೇ ನಿಮ್ಮ ಮುಂದಿಡಲು ಬಯಸುತ್ತೇವೆ.

ಲೋಮೆಯ ವರ್ತಕಿಯರು ಮಾರುತ್ತಿದ್ದುದು ಮೇಣದಚ್ಚಿನ ಹತ್ತಿ ಬಟ್ಟೆ. ಇದರ ಕಥೆಯೇ ಒಂದು ವಿಚಿತ್ರ. ಇಂಡೋನೇಷ್ಯಾದ ಜಾವಾ ದ್ವೀಪದ ಜನರು ಕೈಯಿಂದ ಮೇಣ ಹಚ್ಚಿ ಬಣ್ಣ ಹಾಕುವ ಬಾಟಿಕ್ ಬಟ್ಟೆಯನ್ನು ಡಚ್ ವಸಾಹತುದಾರರು ಕಂಡರು; ಯುರೋಪಿನಲ್ಲಿ ಯಂತ್ರದಿಂದ ಅದರ ನಕಲು ತೆಗೆದು ಜಾವಾದವರಿಗೇ ಮಾರಲು ಹೊರಟರು. ಮೇಣ ಬಿರಿದಲ್ಲಿ ಮೂಡುವ ಸಣ್ಣ ಗೆರೆಗಳನ್ನು ಜಾವಾದವರು ದೋಷವೆಂದರು. ಆದರೆ 19ನೇ ಶತಮಾನದ ಕೊನೆಗೆ ಪಶ್ಚಿಮ ಆಫ್ರಿಕಾದ ಕರಾವಳಿಯ ಜನರು ಅದೇ ಗೆರೆಗಳನ್ನು ಮೆಚ್ಚಿಕೊಂಡರು. 1846ರಲ್ಲಿ ನೆದರ್ಲೆಂಡ್ಸ್‌ನ ಹೆಲ್ಮಂಡ್ ಪಟ್ಟಣದಲ್ಲಿ ಆರಂಭವಾದ ವ್ಲಿಸ್ಕೋ ಕಂಪೆನಿ ಈ ಬಟ್ಟೆಯಿಂದಲೇ ಹೆಸರಾಯಿತು. ಇಂದು ನಾವು 'ಆಫ್ರಿಕಾದ ಬಟ್ಟೆ' ಎಂದು ಗುರುತಿಸುವ ವಸ್ತ್ರದ ಬೇರು ಹೀಗೆ ಜಾವಾದಲ್ಲಿದೆ, ಕಾರ್ಖಾನೆ ಹಾಲೆಂಡಿನಲ್ಲಿತ್ತು. ಆಫ್ರಿಕಾದ್ದು ಎಂದು ಅದರಲ್ಲಿ ಉಳಿದದ್ದೇನು? ಆಯ್ಕೆ, ಹೆಸರು ಮತ್ತು ವ್ಯಾಪಾರ. ಈ ಮೂರೂ ಬಹುತೇಕ ಮಹಿಳೆಯರ ಕೈಯಲ್ಲಿದ್ದವು.

ಆಮದು ಯುರೋಪಿನ ದೊಡ್ಡ ವ್ಯಾಪಾರ ಸಂಸ್ಥೆಗಳದ್ದಾಗಿತ್ತು. ಅವರಿಂದ ಸಗಟು ಖರೀದಿಸುತ್ತಿದ್ದವರು ಲೋಮೆಯ ಮಹಿಳೆಯರು. ಯಾವ ವಿನ್ಯಾಸ ಓಡುತ್ತದೆ, ಯಾವ ಬಣ್ಣ ಈ ಬಾರಿ ನಡೆಯದು ಎಂಬುದನ್ನು ಹೇಳುವ ಶಕ್ತಿ ಅವರಿಗಿತ್ತು. ಹೆಲ್ಮಂಡ್‌ನ ವಿನ್ಯಾಸಕಾರರು ಆ ಮಾತಿಗೆ ಕಿವಿಗೊಡುತ್ತಿದ್ದರು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ನಿರ್ದಿಷ್ಟ ವಿನ್ಯಾಸವೊಂದನ್ನು ಮಾರುವ ಹಕ್ಕು ನಿರ್ದಿಷ್ಟ ವರ್ತಕಿಗೆ ಮೀಸಲಾಗಿತ್ತು. ಆ ವಿನ್ಯಾಸ ಬೇಕೆಂದರೆ ಚಿಲ್ಲರೆ ವ್ಯಾಪಾರಿಗಳು ಆಕೆಯ ಬಳಿಗೇ ಬರಬೇಕು. ಬಟ್ಟೆ ಬಂದೊಡನೆ ವರ್ತಕಿಯರು ಅದಕ್ಕೊಂದು ಹೆಸರಿಡುತ್ತಿದ್ದರು. 'ನನ್ನ ಗಂಡ ಸಮರ್ಥ' ಎಂಬುದು ಒಂದು ಬಟ್ಟೆ. 'ಸವತಿಯ ಕಣ್ಣು' ಎಂಬುದು ಇನ್ನೊಂದು. ಪಂಜರದಿಂದ ಹಕ್ಕಿ ಹಾರಿಹೋಗುವ ಚಿತ್ರವಿದ್ದ ಬಟ್ಟೆಗೆ 'ನೀನು ಹೊರಗೆ ಹೋದರೆ ನಾನೂ ಹೋಗುತ್ತೇನೆ' ಎಂದು ಹೆಸರು! ಗಂಡನಿಗೆ ಬಾಯಿಬಿಟ್ಟು ಹೇಳಲಾಗದ ಮಾತನ್ನು ಹೆಂಡತಿ ಉಟ್ಟು ತೋರಿಸುತ್ತಿದ್ದಳು. ಕಾರ್ಖಾನೆಯಲ್ಲಿ ಕೇವಲ ಸಂಖ್ಯೆಯಾಗಿದ್ದ ಬಟ್ಟೆ ಈ ಹೆಸರಿನಿಂದಲೇ ಮಾರಾಟವಾಗುತ್ತಿತ್ತು. 12 ಗಜದ ಥಾನು, ಇಲ್ಲವೇ ಅದರ ಅರ್ಧ, 6 ಗಜ. ನಮ್ಮ ಸೀರೆಯ ಅಳತೆಯೇ.

ಅವರಲ್ಲಿ ಅನೇಕರು ಹೆಚ್ಚು ಓದಿದವರಲ್ಲ. ಲೆಕ್ಕ ನೆನಪಿನಲ್ಲಿತ್ತು, ಸಾಲ ನಂಬಿಕೆಯ ಮೇಲೆ ನಡೆಯುತ್ತಿತ್ತು. ಪಶ್ಚಿಮ ಆಫ್ರಿಕಾದಾದ್ಯಂತ ಮಹಿಳೆಯರ ಬಂಡವಾಳದ ಒಂದು ಮುಖ್ಯ ಮೂಲ, ಸರದಿಯ ಉಳಿತಾಯ ಕೂಟ. ಯೊರುಬಾ ಭಾಷೆಯಲ್ಲಿ ಅದು ಎಸುಸು, ಹೌಸಾದಲ್ಲಿ ಅದಾಶಿ, ಫ್ರೆಂಚ್ ಆಡಳಿತವಿದ್ದ ದೇಶಗಳಲ್ಲಿ ತೊಂತೀನ್. ನಮ್ಮ ಚೀಟಿಯ ಹಾಗೆಯೇ, ಆದರೆ ಸಾಮಾನ್ಯವಾಗಿ ಹರಾಜು ಇಲ್ಲ. ಹತ್ತು ಮಂದಿ ವಾರಕ್ಕಿಷ್ಟು ಎಂದು ಹಾಕುತ್ತಾರೆ, ಪ್ರತಿ ವಾರ ಒಬ್ಬಳು ಪೂರ್ತಿ ಮೊತ್ತ ಎತ್ತಿಕೊಳ್ಳುತ್ತಾಳೆ. ಮೊದಲು ಎತ್ತಿದವಳೂ ಕೊನೆಗೆ ಎತ್ತಿದವಳೂ ಪಡೆಯುವುದು ಒಂದೇ ಮೊತ್ತ. ಬಡ್ಡಿಯಿಲ್ಲ, ಕಡಿತವಿಲ್ಲ. ಹರಾಜಿನ ಚೀಟಿಯಲ್ಲಿ ಅವಸರವಿದ್ದವಳೇ ಹೆಚ್ಚು ಕಳೆದುಕೊಳ್ಳುವುದನ್ನು ಕಂಡಿರುವ ನಮ್ಮ ಸಹೋದರಿಯರಿಗೆ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ.

ಈ ವರ್ತಕಿಯರು ಬರೇ ಅದೃಷ್ಟದ ಕೂಸುಗಳಲ್ಲ. 1933ರ ಜನವರಿಯಲ್ಲಿ ಫ್ರೆಂಚ್ ಆಡಳಿತವು ಹೊಸ ತೆರಿಗೆಗಳನ್ನು ಹೇರಿ, ವಿರೋಧಿಸಿದ ಇಬ್ಬರು ನಾಯಕರನ್ನು ಬಂಧಿಸಿದಾಗ, ಲೋಮೆಯ ಬೀದಿಗೆ ದೊಡ್ಡ ಸಂಖ್ಯೆಯಲ್ಲಿ ಇಳಿದವರು ಮಾರುಕಟ್ಟೆಯ ಹೆಂಗಸರು. ನಾಯಕರ ಬಿಡುಗಡೆಯಾಯಿತು, ತೆರಿಗೆಯನ್ನು ಹಿಂದೆಗೆದುಕೊಳ್ಳಲಾಯಿತು. 1957ರಲ್ಲಿ ಸ್ವತಂತ್ರವಾದ ನೆರೆಯ ಘಾನಾ, ಆಮದಿಗೆ ಭಾರೀ ನಿರ್ಬಂಧ ಹಾಕಿದಾಗ ಬಟ್ಟೆಯ ವ್ಯಾಪಾರವೆಲ್ಲ ಗಡಿಯಲ್ಲೇ ಇರುವ, ಸುಂಕ ಕಡಿಮೆಯಿದ್ದ ಲೋಮೆಗೆ ಹರಿಯಿತು. ಆ ಅವಕಾಶವನ್ನು ಹಿಡಿಯಲು ಅಲ್ಲಿ ಅನುಭವಿ ಕೈಗಳು ಸಿದ್ಧವಿದ್ದವು. ದೆದೆ ರೋಸ್ ಕ್ರೆಪ್ಪಿಯಂಥವರ ಹೆಸರು ದೇಶದ ಹೊರಗೂ ತಿಳಿಯಿತು. ಗಡಿ ದಾಟಿ ಬರುವ ಗಿರಾಕಿಗಳು, ಮಾರುಕಟ್ಟೆಯ ಸುತ್ತ ಹೊಸ ಮನೆಗಳು, ಯುರೋಪಿನ ಶಾಲೆಗಳಲ್ಲಿ ಓದುವ ಮಕ್ಕಳು. 1960 ಮತ್ತು 70ರ ದಶಕಗಳ ಲೋಮೆ ಹೀಗಿತ್ತು.

ಮತ್ತೆ ಏನಾಯಿತು?

1967ರಿಂದ 2005ರ ವರೆಗೆ ಟೋಗೋವನ್ನು ಆಳಿದ ಸೇನಾಧಿಕಾರಿ ಎಯಾದೆಮಾರಿಗೆ ಈ ಮಹಿಳೆಯರು ಹತ್ತಿರದವರಾಗಿದ್ದರು. ಕಾರು ಎರವಲು ಕೊಟ್ಟವರಿಗೆ ಸುಂಕದಲ್ಲಿ ರಕ್ಷಣೆ ದೊರೆಯಿತು. ಸರ್ವಾಧಿಕಾರಿಯ ನೆರಳು ತಂಪಾಗಿಯೇ ಇರುತ್ತದೆ, ಮರ ಅಲುಗಾಡುವ ತನಕ. 1992ರ ಕೊನೆಯಲ್ಲಿ ಪ್ರಜಾಪ್ರಭುತ್ವಕ್ಕಾಗಿ ಆರಂಭವಾದ ಸಾರ್ವತ್ರಿಕ ಮುಷ್ಕರ ಸುಮಾರು ಒಂಬತ್ತು ತಿಂಗಳು ನಡೆಯಿತು. ಮಾರುಕಟ್ಟೆ ಮುಚ್ಚಿತು, ಗಿರಾಕಿಗಳು ಬೇರೆ ಊರು ಹಿಡಿದರು. ಅದರ ಬೆನ್ನಿಗೇ ಬಂದ ಪೆಟ್ಟು ಇನ್ನೂ ದೊಡ್ಡದು. 1994ರ ಜನವರಿಯಲ್ಲಿ ಸಿಎಫ್‌ಎ ಫ್ರಾಂಕ್‌ನ ಬೆಲೆಯನ್ನು ಒಂದೇ ಏಟಿಗೆ ಅರ್ಧಕ್ಕೆ ಇಳಿಸಲಾಯಿತು. ಒಂದು ಫ್ರೆಂಚ್ ಫ್ರಾಂಕಿಗೆ 50 ಇದ್ದುದು 100 ಆಯಿತು. ಹಾಲೆಂಡಿನಿಂದ ಬರುವ ಬಟ್ಟೆಯ ಖರೀದಿ ದರ ರಾತ್ರಿ ಬೆಳಗಾಗುವುದರಲ್ಲಿ ಇಮ್ಮಡಿಯಾಯಿತು. ಸ್ವಾತಂತ್ರ್ಯ ದೊರೆತು ಸುಮಾರು 34 ವರ್ಷಗಳಾಗಿದ್ದರೂ ಆ ನಾಣ್ಯದ ಮೀಸಲು ನಿಧಿಯ ದೊಡ್ಡ ಪಾಲು ಪ್ಯಾರಿಸ್ಸಿನ ಖಜಾನೆಯಲ್ಲಿತ್ತು ಎಂಬುದನ್ನು ನಾವು ಮರೆಯಬಾರದು. ಧ್ವಜ ಬದಲಾಗಿತ್ತು, ತಿಜೋರಿಯ ಬೀಗದ ಕೈ ಬದಲಾಗಿರಲಿಲ್ಲ. ಲೋಮೆಯ ವರ್ತಕಿ ಎಷ್ಟೇ ಜಾಣೆಯಾಗಿದ್ದರೂ ಈ ತೀರ್ಮಾನದಲ್ಲಿ ಅವಳಿಗೆ ಮಾತಿರಲಿಲ್ಲ.

ಉಳಿದುದನ್ನು ಬೇಗ ಹೇಳಿ ಮುಗಿಸುತ್ತೇವೆ. ಚೀನಾದಿಂದ ಅದೇ ವಿನ್ಯಾಸದ ಅಗ್ಗದ ಬಟ್ಟೆ ಬಂತು. ಡಚ್ ಕಂಪೆನಿಯು ಆಫ್ರಿಕಾದ ನಗರಗಳಲ್ಲಿ ತನ್ನದೇ ಮಳಿಗೆಗಳನ್ನು ತೆರೆಯಿತು; ವಿನ್ಯಾಸದ ಮೇಲೆ ವರ್ತಕಿಯರಿಗಿದ್ದ ಹಳೆಯ ಹಕ್ಕು ಸಡಿಲವಾಯಿತು. ಆ ಹಕ್ಕು ಎಂದೂ ಅವರ ಆಸ್ತಿಯಾಗಿರಲಿಲ್ಲ, ಕಂಪೆನಿಯ ಅನುಗ್ರಹವಾಗಿತ್ತು ಎಂಬುದು ಆಗ ತಿಳಿಯಿತು. 2010ರಲ್ಲಿ ಕಂಪೆನಿಯನ್ನೇ ಬ್ರಿಟಿಷ್ ಹೂಡಿಕೆ ಸಂಸ್ಥೆಯೊಂದು ಕೊಂಡುಕೊಂಡಿತು. 2013ರ ಜನವರಿಯಲ್ಲಿ ಲೋಮೆಯ ದೊಡ್ಡ ಮಾರುಕಟ್ಟೆಯ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಹಳಬರ ಜಾಗಕ್ಕೆ ಬಂದ ಕಿರಿಯ ವರ್ತಕಿಯರನ್ನು ಜನ 'ನಾನೆತ್' ಎಂದು ಕರೆದರು, ಪುಟ್ಟ ನಾನಾ ಎಂಬ ಅರ್ಥದಲ್ಲಿ. ಅವರು ತಾವೇ ಚೀನಾಕ್ಕೆ ಹೋಗಿ ತಮಗೆ ಬೇಕಾದ ಬಟ್ಟೆ ಮಾಡಿಸಿ ತರತೊಡಗಿದರು.

ಲೋಮೆಯಲ್ಲಿ ಗಳಿಕೆ ಸೋರಿದ್ದು ಮೇಲಿನಿಂದ. ಒಳಗಿನಿಂದ ಸೋರುವುದನ್ನು ನೋಡಬೇಕಾದರೆ ನಾವು ಅಲ್ಲಿಂದ ಈಶಾನ್ಯಕ್ಕೆ, ನೈಜೀರಿಯದ ಉತ್ತರ ಭಾಗದ ಹೌಸಾ ಮುಸ್ಲಿಮರ ಮನೆಗಳಿಗೆ ಹೋಗಬೇಕು. ಅಲ್ಲಿನ ವಿವಾಹಿತ ಮಹಿಳೆಯರು 'ಕುಲ್ಲೆ' ಎಂಬ ಪರ್ದಾ ಪದ್ಧತಿಯಲ್ಲಿ, ಹಗಲಲ್ಲಿ ಮನೆಯಿಂದ ಹೊರಬಾರದೆ ಬದುಕುತ್ತಿದ್ದರು. ಹೊರಗಿನವರು ಅವರನ್ನು ಕೆಲಸವಿಲ್ಲದವರ ಪಟ್ಟಿಗೆ ಸೇರಿಸಿದ್ದರು. 1960ರ ದಶಕದಲ್ಲಿ ಅಲ್ಲಿನ ಹಳ್ಳಿಯೊಂದರಲ್ಲಿ ಅಧ್ಯಯನ ನಡೆಸಿದ ಬ್ರಿಟಿಷ್ ವಿದುಷಿ ಪಾಲಿ ಹಿಲ್, ಈ ಗೋಡೆಗಳ ಒಳಗೆ ಒಂದು ಇಡೀ ಮಾರುಕಟ್ಟೆಯೇ ಇರುವುದನ್ನು ಕಂಡರು. ಧಾನ್ಯ, ಕಡಲೆಕಾಯಿ ಎಣ್ಣೆ, ಬೇಯಿಸಿದ ತಿಂಡಿ ಎಲ್ಲವೂ ಮನೆಯಿಂದ ಮನೆಗೆ ಮಾರಾಟವಾಗುತ್ತಿದ್ದವು. ಅವರು ಅದನ್ನು 'ಗುಪ್ತ ವ್ಯಾಪಾರ' ಎಂದು ಕರೆದರು. ಪತ್ನಿಯ ಅನ್ನ ವಸ್ತ್ರದ ಹೊಣೆ ಪತಿಯದು, ಪತ್ನಿಯ ಗಳಿಕೆ ಪತ್ನಿಯದು ಎಂಬ ಇಸ್ಲಾಮೀ ನಿಯಮ ಅಲ್ಲಿ ಬಾಯಿಮಾತಾಗಿರಲಿಲ್ಲ. ಗಂಡನಿಗೇ ಕಡಲೆಕಾಯಿ ಎಣ್ಣೆಯನ್ನು ದುಡ್ಡಿಗೆ ಮಾರುವುದರಲ್ಲಿ ಹೆಂಡತಿಗೆ ಸಂಕೋಚವಿರಲಿಲ್ಲ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೆಂಡತಿಯ ಹೊಲಿಗೆಯ ದುಡ್ಡು ಪ್ರತ್ಯೇಕವಾಗಿ ಇರುತ್ತದೆ ಎಂದು ನಾವು ಕೇಳಿಕೊಳ್ಳೋಣ.

ಆದರೆ ಇಲ್ಲಿಗೇ ಚಪ್ಪಾಳೆ ತಟ್ಟಿ ಏಳುವಂತಿಲ್ಲ. ಹೊರಬಾರದ ತಾಯಿಯ ಸರಕು ಬೀದಿಗೆ ಹೋಗುತ್ತಿದ್ದುದು ಹೇಗೆ? ಮಕ್ಕಳ ತಲೆಯ ಮೇಲೆ, ಅದರಲ್ಲೂ ಹೆಣ್ಣುಮಕ್ಕಳ ತಲೆಯ ಮೇಲೆ. 1970ರ ದಶಕದಲ್ಲಿ ಕಾನೋ ನಗರದಲ್ಲಿ ಅಧ್ಯಯನ ಮಾಡಿದ ಎನಿಡ್ ಶಿಲ್ಡ್‌ಕ್ರೌಟ್ ಇದನ್ನು ವಿವರವಾಗಿ ದಾಖಲಿಸಿದ್ದಾರೆ. 1976ರಲ್ಲಿ ನೈಜೀರಿಯ ಸರಕಾರ ಎಲ್ಲರಿಗೂ ಉಚಿತ ಪ್ರಾಥಮಿಕ ಶಿಕ್ಷಣ ಘೋಷಿಸಿದಾಗ ತಾಯಂದಿರು ಇಕ್ಕಟ್ಟಿಗೆ ಸಿಲುಕಿದರು. ಮಗಳು ಶಾಲೆಗೆ ಹೋದರೆ ಅಮ್ಮನ ವ್ಯಾಪಾರ ನಿಲ್ಲುತ್ತದೆ; ಅಮ್ಮನ ವ್ಯಾಪಾರ ನಡೆದರೆ ಮಗಳ ಶಾಲೆ ನಿಲ್ಲುತ್ತದೆ. ಇನ್ನೂ ಮುಖ್ಯವಾದುದು, ಆ ಲಾಭದ ದೊಡ್ಡ ಭಾಗ ಹೋಗುತ್ತಿದ್ದುದು ಎಲ್ಲಿಗೆ ಎಂಬುದು. 'ಕಾಯನ್ ದಾಕಿ' ಎಂದರೆ ಮದುವೆಯಲ್ಲಿ ಮಗಳ ಕೋಣೆಗೆ ತಾಯಿ ತುಂಬಿಸಿ ಕೊಡಬೇಕಾದ ಸಾಮಾನು. ಬಣ್ಣದ ಬೋಗುಣಿಗಳು, ತಟ್ಟೆಗಳು, ಮಂಚ, ಕಪಾಟು. ಗೋಡೆಯ ತುಂಬ ಒಂದರ ಮೇಲೊಂದು ಜೋಡಿಸಿಟ್ಟ ಬೋಗುಣಿಗಳಲ್ಲಿ ಯಾರೂ ಉಣ್ಣುವುದಿಲ್ಲ. ಅವು ನೋಡುವುದಕ್ಕೆ. ಮಗಳು ಹತ್ತು ವರ್ಷ ಬೀದಿಯಲ್ಲಿ ತಿಂಡಿ ಮಾರಿ ತಂದ ಕಾಸು ಅವಳದೇ ಮದುವೆಯ ಬೋಗುಣಿಯಾಗಿ ಗೋಡೆ ಸೇರುತ್ತಿತ್ತು. ಅದನ್ನು ಕಸಿದುಕೊಳ್ಳಲು ಪ್ಯಾರಿಸ್ಸಿನಿಂದ ಯಾರೂ ಬರಬೇಕಾಗಿರಲಿಲ್ಲ. ವರದಕ್ಷಿಣೆಯ ವಿರುದ್ಧ ವರ್ಷವರ್ಷವೂ ನಿರ್ಣಯ ಅಂಗೀಕರಿಸಿ, ಅದೇ ವಾರ ಮದುವೆಯ ಫರ್ನಿಚರ್ ಲಾರಿಯನ್ನು ಹೆಮ್ಮೆಯಿಂದ ಕಳುಹಿಸಿಕೊಡುವ ನಮಗೆ ಇದು ಅಪರಿಚಿತವೇ?

ಮೊರಾಕ್ಕೋದ ಒಂದು ಉದಾಹರಣೆಯನ್ನೂ ಸೇರಿಸುತ್ತೇವೆ. ಅರ್ಗಾನ್ ಮರದ ಬೀಜದ ಎಣ್ಣೆಯನ್ನು ಅಲ್ಲಿನ ಹೆಂಗಸರು ತಲೆಮಾರುಗಳಿಂದ ತೆಗೆಯುತ್ತಿದ್ದಾರೆ. ರಬಾತ್‌ನ ರಸಾಯನಶಾಸ್ತ್ರ ಪ್ರಾಧ್ಯಾಪಕಿ ಝುಬೈದಾ ಶರ್ರೂಫ್, 1996ರಲ್ಲಿ ತಮನಾರ್ ಎಂಬಲ್ಲಿ ಅವರ ಮೊದಲ ಸಹಕಾರ ಸಂಘ ಕಟ್ಟಿದರು. ಮೊದಮೊದಲು ಬಂದವರು ವಿಧವೆಯರು ಮತ್ತು ತಲಾಕ್ ಆದವರು, ಏಕೆಂದರೆ ಉಳಿದವರಿಗೆ ಮನೆಯಿಂದ ಅನುಮತಿಯಿರಲಿಲ್ಲ. ನಂತರ ಆ ಎಣ್ಣೆ ಜಗತ್ತಿನ ಸೌಂದರ್ಯವರ್ಧಕಗಳ ಮಾರುಕಟ್ಟೆಗೆ ನುಗ್ಗಿತು. ಆದರೆ ಕಲ್ಲಿನಿಂದ ಬೀಜ ಒಡೆಯುವ ಅನೇಕ ಮಹಿಳೆಯರಿಗೆ ಸಿಗುವುದು ಇಂದಿಗೂ ಕಿಲೋಗೆ ಇಷ್ಟು ಎಂಬ ಕೂಲಿ. ಸಾವಿರಕ್ಕೆ ಇಷ್ಟು ಎಂದು ಬೀಡಿ ಕಟ್ಟುವ ನಮ್ಮ ಕರಾವಳಿಯ ಮನೆಗಳಿಗೆ ಈ ಲೆಕ್ಕ ಹೊಸದಲ್ಲ. ಇದಕ್ಕೆ ವಿರುದ್ಧವಾಗಿ, 2005ರಲ್ಲಿ ಇಥಿಯೋಪಿಯಾದ ಅಡಿಸ್ ಅಬಾಬದಲ್ಲಿ ಬೆತ್‌ಲೆಹೆಮ್ ತಿಲಾಹುನ್ ಅಲೆಮು ಎಂಬ ಯುವತಿ ಹಳೆಯ ಟಯರುಗಳಿಂದ ಪಾದರಕ್ಷೆಯ ಅಟ್ಟೆ ಮಾಡಿ, 'ಸೋಲ್‌ರೆಬೆಲ್ಸ್' ಎಂಬ ತನ್ನದೇ ಹೆಸರಿನಲ್ಲಿ ವಿದೇಶಕ್ಕೆ ಮಾರಿದಳು. ಬೇರೆಯವರ ಬ್ರಾಂಡಿಗೆ ಹೊಲಿದುಕೊಡುವ ಕೆಲಸಕ್ಕೆ ಅವಳು ಇಳಿಯಲಿಲ್ಲ.

ಕೊನೆಯದಾಗಿ ಸಭೆಯಲ್ಲಿರುವ ಗಂಡಸರಿಗೆ ಒಂದು ಮಾತು. 2019ರಲ್ಲಿ ಪ್ರಕಟವಾದ ವಿಶ್ವಬ್ಯಾಂಕಿನ ವರದಿಯೊಂದರ ಪ್ರಕಾರ, ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಮಹಿಳೆಯರ ಉದ್ಯಮಗಳ ಲಾಭ ಪುರುಷರಿಗಿಂತ ಸರಾಸರಿ ಶೇ. 34ರಷ್ಟು ಕಡಿಮೆ. ದುಡಿಮೆಯ ಕೊರತೆ ಇದಕ್ಕೆ ಕಾರಣವಲ್ಲ. ಬಂಡವಾಳ ಸಣ್ಣದು, ಹೆಚ್ಚಿನವರು ಒಂದೇ ಬಗೆಯ ಕೆಲಸಗಳಿಗೆ ಮುಗಿಬೀಳುತ್ತಾರೆ. ಅಡುಗೆ, ಹೊಲಿಗೆ, ಕೇಶಾಲಂಕಾರ. ಉಗಾಂಡದ ರಾಜಧಾನಿ ಕಂಪಾಲದಲ್ಲಿ ನಡೆದ ಅಧ್ಯಯನವೊಂದು, ವೆಲ್ಡಿಂಗ್, ಬಡಗಿ ಕೆಲಸದಂಥ 'ಗಂಡಸರ' ಉದ್ಯೋಗಗಳಿಗೆ ಇಳಿದ ಮಹಿಳೆಯರನ್ನು ಗಮನಿಸಿತು. ಅವರು ಗಂಡಸರಷ್ಟೇ ಗಳಿಸುತ್ತಿದ್ದರು, ಇತರ ಮಹಿಳೆಯರಿಗಿಂತ ಸುಮಾರು ಮೂರು ಪಟ್ಟು. ಉಳಿದ ಮಹಿಳೆಯರಲ್ಲಿ ಹೆಚ್ಚಿನವರಿಗೆ ಈ ವ್ಯತ್ಯಾಸವಿದೆ ಎಂಬುದೇ ತಿಳಿದಿರಲಿಲ್ಲ. ದಾಟಿದವರಿಗೆ ದಾರಿ ಗೊತ್ತಾದದ್ದು, ಆ ಕಸುಬಿನ ಪರಿಚಯವಿದ್ದ ಮನೆಯವರಿಂದ, ಸ್ನೇಹಿತರಿಂದ. ಬಹಳ ಸಲ ಅವರಿಗೆ ಮಾದರಿಯಾದವರು ಗಂಡಸರೇ.

ಈ ಸಭಾಂಗಣದಲ್ಲಿ ಗ್ಯಾರೇಜು, ಹಾರ್ಡ್‌ವೇರ್ ಅಂಗಡಿ, ವೆಲ್ಡಿಂಗ್ ಶೆಡ್ಡು, ಮೀನಿನ ಸಗಟು ವ್ಯಾಪಾರ ಇರುವ ಸಹೋದರರು ಸಾಕಷ್ಟಿದ್ದಾರೆ. ಊಟದ ನಂತರ ಸಹೋದರಿಯರ ಪ್ರಶ್ನೋತ್ತರವಿದೆ. ಅವರಲ್ಲಿ ಮೂರು ನಾಲ್ಕು ಮಂದಿಯಾದರೂ ಎದ್ದುನಿಂತು, ತಮ್ಮ ವ್ಯಾಪಾರ ಎಷ್ಟು ಬಂಡವಾಳದಲ್ಲಿ ಆರಂಭವಾಯಿತು, ಸರಕು ಎಲ್ಲಿಂದ ಬರುತ್ತದೆ, ತಿಂಗಳಿಗೆ ಏನು ಉಳಿಯುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕೆಂದು ಕೇಳಿಕೊಳ್ಳುತ್ತೇವೆ.