ಕನಸನ್ನು ಯಾರ ಕೈಯಲ್ಲಿ ಇಡಬೇಕು?

(ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರನ್ನು ಸಂದರ್ಶಿಸಿದ ಹಬ್ಬ, ಮೇ 31. ಶುಭಸಂದೇಶ: ಲೂಕ 1:39-56)



ಮೇ ತಿಂಗಳಿಡೀ ಮನೆಮನೆಗಳಲ್ಲಿ ಜಪಸರ ಮಾಡಿ ಮಾತೆಯ ಪಾದಕ್ಕೆ ಹೂವಿಟ್ಟ ನಾವು, ತಿಂಗಳ ಕೊನೆಯ ದಿನ ಈ ಹಬ್ಬವನ್ನು ಆಚರಿಸುತ್ತಿದ್ದೇವೆ. 1389ರಲ್ಲಿ ಪೋಪ್ ಆರನೆಯ ಅರ್ಬನ್ ಅವರು ಈ ಹಬ್ಬವನ್ನು ಇಡೀ ಧರ್ಮಸಭೆಗೆ ಕೊಟ್ಟರು. ಹಿಂದೆ ಜುಲೈ 2ರಂದು ಇದ್ದ ಹಬ್ಬ, 1969ರ ಪೂಜಾವಿಧಿ ಪಂಚಾಂಗದ ಸುಧಾರಣೆಯಲ್ಲಿ ಮೇ 31ಕ್ಕೆ ಬಂತು.

ಇದು ಪರೀಕ್ಷೆಯ ಫಲಿತಾಂಶಗಳು ಬಂದು, ಮುಂದೇನು ಎಂದು ಮಕ್ಕಳು ಯೋಚಿಸುವ ಕಾಲವೂ ಹೌದು. ಕೆಲವರ ಎದೆಯಲ್ಲಿ ದೇವರು ಬಿತ್ತಿದ ಒಂದು ಕನಸಿರುತ್ತದೆ. ಗುರುವಾಗಬೇಕು, ಕನ್ಯಾಸ್ತ್ರೀಯಾಗಬೇಕು, ದಾದಿಯಾಗಿ ರೋಗಿಗಳ ಸೇವೆ ಮಾಡಬೇಕು, ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಬೇಕು. ಇಂಥ ಕನಸನ್ನು ಯಾರ ಬಳಿ ಹೇಳಿಕೊಳ್ಳಬೇಕು?

ಆದಿಕಾಂಡದ ಜೋಸೆಫನನ್ನು ನೆನಪಿಸಿಕೊಳ್ಳಿ. ಅವನಿಗೆ ಆಗ 17 ವರ್ಷ. ಅಣ್ಣಂದಿರ ಸಿವುಡುಗಳು ತನ್ನ ಸಿವುಡಿಗೆ ಅಡ್ಡಬಿದ್ದ ಕನಸನ್ನು ಆ ಅಣ್ಣಂದಿರಿಗೇ ಹೇಳಿದ. ಅವರು ಮೊದಲೇ ಅವನನ್ನು ದ್ವೇಷಿಸುತ್ತಿದ್ದರು. ಅವರ ಮುಖ ಕಪ್ಪಿಟ್ಟದ್ದನ್ನು ಗಮನಿಸದೆ ಎರಡನೆಯ ಕನಸನ್ನೂ ಹೇಳಿದ. ಕೊನೆಗೆ 20 ಬೆಳ್ಳಿ ನಾಣ್ಯಗಳಿಗೆ ಮಾರಿಹೋದ. ಕನಸು ದೇವರದೇ ಆಗಿತ್ತು, ಆದರೆ ಕೇಳಿದ ಕಿವಿಗಳು ಅದಕ್ಕೆ ಸಿದ್ಧವಾಗಿರಲಿಲ್ಲ. ತಂದೆ ಯಕೋಬ ಮಾತ್ರ ಗದರಿಸಿದರೂ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡ. ಜೋಸೆಫ ಫರೋಹನ ಮುಂದೆ ನಿಂತಾಗ ಅವನಿಗೆ 30 ವರ್ಷ. ಅಣ್ಣಂದಿರ ದ್ರೋಹವನ್ನೂ ದೇವರು ಒಳಿತಿಗೆ ತಿರುಗಿಸಿದರು ನಿಜ. ಆದರೂ ನಡುವೆ ಬಾವಿ, ಗುಲಾಮಗಿರಿ, ಸೆರೆಮನೆ ಎಲ್ಲವನ್ನೂ ಅವನು ಕಾಣಬೇಕಾಯಿತು.

ಈಗ ಮರಿಯಮ್ಮನವರನ್ನು ನೋಡೋಣ. ಜೋಸೆಫನ ಕನಸಿಗಿಂತ ಎಷ್ಟೋ ದೊಡ್ಡ ಮಾತು ಅವರ ಕಿವಿಗೆ ಬಿದ್ದಿತ್ತು. ಆದರೆ ಅವರು ನಜರೇತಿನ ಬಾವಿಕಟ್ಟೆಯಲ್ಲಿ ಅದನ್ನು ಹಂಚಿದರೆಂದು ಲೂಕನು ಹೇಳುವುದಿಲ್ಲ. ದೇವದೂತನು ಒಬ್ಬರ ಹೆಸರನ್ನು ಹೇಳಿದ್ದ, ಎಲಿಜಬೇತಮ್ಮ. ಮರಿಯಮ್ಮನವರು ಬೆಟ್ಟದ ಸೀಮೆಗೆ, ನೇರವಾಗಿ ಆ ಮನೆಗೇ ಹೋದರು.

ಎಲಿಜಬೇತಮ್ಮನವರಲ್ಲಿ ಏನಿತ್ತು? ಮೊದಲನೆಯದು, ಅವರ ಸ್ವಂತ ಬಾಳಿನಲ್ಲೂ ದೇವರು ಕೆಲಸ ಮಾಡಿದ್ದರು. ಬಂಜೆ ಎಂಬ ನಿಂದೆಯನ್ನು ಹೊತ್ತು ಕಾದವರು ಅವರು, ಗರ್ಭಿಣಿಯಾದ ಮೇಲೂ ಐದು ತಿಂಗಳು ಮರೆಯಲ್ಲಿದ್ದರು. ಮೌನದಲ್ಲಿ ಕಾಯುವುದು ಅವರಿಗೆ ಗೊತ್ತಿತ್ತು. ಎರಡನೆಯದು, ಅವರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ವಯಸ್ಸಿನಲ್ಲಿ ಹಿರಿಯರಾದರೂ ಕಿರಿಯಳನ್ನು ತನ್ನ ಪ್ರಭುವಿನ ತಾಯಿ ಎಂದು ಕರೆದರು. ಮೂರನೆಯದು, ಅವರ ಮಾತು ಮರಿಯಮ್ಮನವರನ್ನು ದೇವರ ಕಡೆಗೆ ತಿರುಗಿಸಿತು. ಅದಕ್ಕೆ ಉತ್ತರವಾಗಿ ಬಂದದ್ದೇ ಮಾತೆಯ ಸ್ತುತಿಗೀತೆ. ಯಾರ ಬಳಿ ಮಾತಾಡಿ ಬಂದ ಮೇಲೆ ನಿಮಗೆ ಪ್ರಾರ್ಥನೆ ಮಾಡಬೇಕು ಅನ್ನಿಸುತ್ತದೋ ಅವರೇ ನಿಮ್ಮ ಎಲಿಜಬೇತಮ್ಮ.

ಸಿಹಿ ಮಾತಾಡುವವರೆಲ್ಲ ಹಿತವರಲ್ಲ. ತಾನೂ ಹೋಗಿ ಆರಾಧಿಸುತ್ತೇನೆ ಎಂದು ಹೆರೋದನೂ ಜ್ಞಾನಿಗಳಿಗೆ ಹೇಳಿದ್ದ. ಅವರು ಬೇರೆ ದಾರಿ ಹಿಡಿದು ಊರಿಗೆ ಹೋಗಬೇಕಾಯಿತು.

ಹಾಗೆಂದು ಎಲ್ಲವನ್ನೂ ಬಚ್ಚಿಡಬೇಕೇ? ಬೇಡ. ಸಂತ ಇಗ್ನೇಷಿಯಸ್ ಲೊಯೋಲರು ತಮ್ಮ ಆಧ್ಯಾತ್ಮಿಕ ಸಾಧನೆಯ ನಿಯಮಗಳಲ್ಲಿ ಎಚ್ಚರಿಸುತ್ತಾರೆ: ಗುಟ್ಟು ಗುಟ್ಟಾಗಿಯೇ ಉಳಿಯಲಿ ಎಂದು ಬಯಸುವವನು ಸೈತಾನ, ಒಳ್ಳೆಯ ಪಾಪನಿವೇದನೆಯ ಗುರುವಿನ ಮುಂದೆ ಮನಸ್ಸು ಬಿಚ್ಚಿದರೆ ಅವನ ಆಟ ನಡೆಯುವುದಿಲ್ಲ. ನಮ್ಮ ಆಸೆ ದೇವರದೋ ನಮ್ಮ ಹಮ್ಮಿನದೋ ಎಂದು ತಿಳಿಯಲು ಒಬ್ಬರಾದರೂ ಬೇಕು. ಹತ್ತು ಜನ ಬೇಡ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ, ಹತ್ತನೆಯ ತರಗತಿ ಮುಗಿಸಿದ ಪೀಠಬಾಲಕನೊಬ್ಬ ಪೂಜೆಯಾದ ಮೇಲೆ ಹಿಂದೆ ಉಳಿದ. "ಫಾದರ್, ಯಾರಿಗೂ ಹೇಳ್ಬೇಡಿ. ನನಗೆ ಗುರು ಆಗ್ಬೇಕು ಅನ್ನಿಸ್ತಿದೆ" ಎಂದ. ನನಗೆ ಸಂತೋಷ ತಡೆಯಲಾಗಲಿಲ್ಲ. ಮುಂದಿನ ಭಾನುವಾರ ಚಹಾ ಕುಡಿಯುವಾಗ ನಾಲ್ಕು ಜನರ ಮುಂದೆ ಹೇಳಿಬಿಟ್ಟೆ. ಸಂಜೆಯ ಹೊತ್ತಿಗೆ ಆಟದ ಬಯಲಿನಲ್ಲಿ ಗೆಳೆಯರು "ಸ್ವಾಮಿಗಳೇ, ಆಶೀರ್ವಾದ ಮಾಡಿ" ಎಂದು ಅವನನ್ನು ಅಣಕಿಸುತ್ತಿದ್ದರು. ತಾಯಿಗೆ ಮಗನ ಮನಸ್ಸು ಪರರ ಬಾಯಿಂದ ತಿಳಿಯಿತು, ಆಕೆ ಅತ್ತರು. ಹುಡುಗ ಮತ್ತೆ ಪೀಠದ ಸೇವೆಗೆ ಬರಲಿಲ್ಲ. ನಾನು ಹೋಗಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಫಾದರ್" ಎಂದು ತಲೆ ತಗ್ಗಿಸಿದ. ಆ ಕರೆ ನಿಜವಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ತಿಳಿಯುವ ಅವಕಾಶವನ್ನೇ ನಾನು ಅವನಿಂದ ಕಿತ್ತುಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನಲ್ಲಿ ದ್ವೇಷವಿರಲಿಲ್ಲ, ಪ್ರೀತಿಯೇ ಇತ್ತು. ಆದರೆ ಬಾಯಿಗೆ ಬೀಗವಿಲ್ಲದ ಪ್ರೀತಿಯೂ ಒಂದು ಕನಸನ್ನು ಕೊಲ್ಲಬಲ್ಲದು.

ಆದ್ದರಿಂದ ಯುವಜನರೇ, ಮೊದಲು ದೇವರ ಮುಂದೆ ಹೇಳಿ. ಆಮೇಲೆ ಒಬ್ಬರನ್ನು ಆರಿಸಿಕೊಳ್ಳಿ. ಇತರರ ಗುಟ್ಟನ್ನು ನಿಮ್ಮ ಮುಂದೆ ಆಡದವರನ್ನು, ಪರರ ಏಳಿಗೆಗೆ ಹಿಗ್ಗುವವರನ್ನು, ತಪ್ಪಿದ್ದರೆ ತಪ್ಪೆಂದು ಹೇಳಬಲ್ಲವರನ್ನು ಆರಿಸಿಕೊಳ್ಳಿ. ತಂದೆ ತಾಯಂದಿರೇ, ಗುರುಹಿರಿಯರೇ, ಮಗು ಬಾಯಿ ಬಿಟ್ಟಾಗ ನಗಬೇಡಿ, ಡಂಗುರವನ್ನೂ ಹೊಡೆಯಬೇಡಿ.

ನಾವು ದಿನವೂ ಹೇಳುವ ನಮೋ ಮರಿಯಾ ಪ್ರಾರ್ಥನೆಯಲ್ಲಿ ಎಲಿಜಬೇತಮ್ಮನವರ ಮಾತುಗಳೂ ಇವೆ. ಇನ್ನೊಬ್ಬರ ಕನಸನ್ನು ಭಕ್ತಿಯಿಂದ ಬರಮಾಡಿಕೊಂಡ ಆ ಮಾತುಗಳು ಇಂದು ನಮ್ಮೆಲ್ಲರ ಪ್ರಾರ್ಥನೆಯಾಗಿವೆ. ನಮ್ಮ ಬಾಗಿಲಿಗೂ ಒಂದು ದಿನ ಯಾರೋ ಕನಸು ಹೊತ್ತು ಬರುತ್ತಾರೆ. ಅವರನ್ನು ಹಾಗೆಯೇ ಬರಮಾಡಿಕೊಳ್ಳುವ ಕೃಪೆಯನ್ನು ಮಾತೆಯ ಮೂಲಕ ಬೇಡೋಣ. ಆಮೆನ್.