ಮಕ್ಕಳ ಶ್ವಾಸಮಾರ್ಗದ ರೋಗಗಳು: ವರ್ಗೀಕರಣದಲ್ಲಿ ತಜ್ಞರ ಒಮ್ಮತ

ಮಕ್ಕಳ ಶ್ವಾಸಮಾರ್ಗದ ರೋಗಕ್ಕೆ ತಜ್ಞರು ಕೊಡುವ ದರ್ಜೆಯನ್ನು ಆಧರಿಸಿ ಚಿಕಿತ್ಸೆ ನಿರ್ಧಾರವಾಗುತ್ತದೆ. ಕಾದು ನೋಡುವುದು, ಬಲೂನಿನಿಂದ ಹಿಗ್ಗಿಸುವುದು, ಪಕ್ಕೆಲುಬಿನ ಮೃದ್ವಸ್ಥಿ ಜೋಡಿಸಿ ದಾರಿಯನ್ನು ಅಗಲಗೊಳಿಸುವುದು, ಇವುಗಳಲ್ಲಿ ಯಾವುದು ಸೂಕ್ತ ಎಂಬ ತೀರ್ಮಾನಕ್ಕೆ ದರ್ಜೆಯೇ ಮುಖ್ಯ ಆಧಾರ. ಆದ್ದರಿಂದ ಎರಡು ಪ್ರಶ್ನೆಗಳು ಏಳುತ್ತವೆ. ಒಂದೇ ಎಂಡೋಸ್ಕೋಪಿ ವಿಡಿಯೊ ನೋಡಿದ ಇಬ್ಬರು ತಜ್ಞರು ಒಂದೇ ದರ್ಜೆ ಕೊಡುತ್ತಾರೆಯೇ? ಅದೇ ವಿಡಿಯೊವನ್ನು ಕೆಲವು ವಾರಗಳ ನಂತರ ನೋಡಿದರೆ ಒಬ್ಬನೇ ತಜ್ಞನ ಉತ್ತರ ಬದಲಾಗುತ್ತದೆಯೇ?

ಬಳಕೆಯಲ್ಲಿರುವ ವರ್ಗೀಕರಣಗಳು ಎರಡು ಬಗೆಯವು. ಮೊದಲನೆಯದು ಅಳತೆಯನ್ನು ನೆಚ್ಚಿದ್ದು. ಧ್ವನಿತಂತುಗಳ ಕೆಳಗೆ ದಾರಿ ಕಿರಿದಾಗುವ ಸಬ್‌ಗ್ಲಾಟಿಕ್ ಸ್ಟೆನೋಸಿಸ್‌ಗೆ 1994ರಲ್ಲಿ ಪ್ರಕಟವಾದ ಮೈಯರ್–ಕಾಟನ್ ಪದ್ಧತಿ ಇದಕ್ಕೆ ಉದಾಹರಣೆ. ಅಡಚಣೆ ಶೇ. 50ರವರೆಗೆ ಇದ್ದರೆ ಒಂದನೆಯ ದರ್ಜೆ, 51ರಿಂದ 70 ಎರಡನೆಯದು, 71ರಿಂದ 99 ಮೂರನೆಯದು, ದಾರಿಯೇ ಕಾಣದಿದ್ದರೆ ನಾಲ್ಕನೆಯದು. ಎರಡನೆಯ ಬಗೆ ರೂಪವನ್ನು ನೋಡಿ ಹೇಳುವಂಥದ್ದು. ಉಸಿರೆಳೆದಾಗ ಧ್ವನಿಪೆಟ್ಟಿಗೆಯ ಮೇಲ್ಭಾಗ ಒಳಕ್ಕೆ ಕುಸಿಯುವ ಲ್ಯಾರಿಂಗೋಮಲೇಶಿಯವನ್ನು, ಯಾವ ಭಾಗ ಹೇಗೆ ಕುಸಿಯುತ್ತದೆ ಎಂಬುದರ ಮೇಲೆ ವಿಂಗಡಿಸುತ್ತಾರೆ.

ರೂಪ ನೋಡಿ ವಿಂಗಡಿಸುವಾಗ ಭಿನ್ನಾಭಿಪ್ರಾಯಕ್ಕೆ ಅವಕಾಶ ಹೆಚ್ಚು. ಕುಸಿತವು ಉಸಿರಾಟದ ಬಲದೊಂದಿಗೆ ಬದಲಾಗುತ್ತದೆ; ಅರಿವಳಿಕೆ ಗಾಢವಾದರೆ ಅದರ ಸ್ವರೂಪವೇ ಬೇರೆಯಾಗಬಹುದು. ಒಂದೇ ಮಗುವಿನಲ್ಲಿ ಎರಡು ಬಗೆಯ ಕುಸಿತ ಜೊತೆಗೂಡಿರುವುದೂ ಉಂಟು. ಎಂಡೋಸ್ಕೋಪ್‌ನ ಮಸೂರ ಹತ್ತಿರದ್ದನ್ನು ಹಿಗ್ಗಿಸಿ ತೋರಿಸುವುದರಿಂದ ಕಣ್ಣಂದಾಜು ಸುಲಭವಾಗಿ ತಪ್ಪುತ್ತದೆ.

ಅಳತೆಯ ಪದ್ಧತಿಯಲ್ಲೂ ಕಣ್ಣನ್ನೇ ನಂಬಿದರೆ ಗೊಂದಲ ತಪ್ಪದು. 4 ಮಿ.ಮೀ. ವ್ಯಾಸದ ದಾರಿಯ ಒಳಗೋಡೆ ಸುತ್ತಲೂ 1 ಮಿ.ಮೀ. ಊದಿದರೆ ವ್ಯಾಸ 2 ಮಿ.ಮೀ.ಗೆ ಇಳಿಯುತ್ತದೆ. ವ್ಯಾಸವನ್ನು ಲೆಕ್ಕಕ್ಕೆ ಹಿಡಿದವರಿಗೆ ಅಡಚಣೆ ಶೇ. 50, ಅಂದರೆ ಒಂದನೆಯ ದರ್ಜೆ. ಅಡ್ಡಛೇದದ ವಿಸ್ತೀರ್ಣ ಹಿಡಿದವರಿಗೆ ಶೇ. 75, ಅಂದರೆ ಮೂರನೆಯ ದರ್ಜೆ. ಈ ಗೊಂದಲಕ್ಕೆ ಆ ಪದ್ಧತಿಯಲ್ಲೇ ಪರಿಹಾರವಿದೆ. ಉಸಿರುಕೊಳವೆಗಳನ್ನು ಗಾತ್ರದ ಕ್ರಮದಲ್ಲಿ ಹಾಕಿ, 10ರಿಂದ 25 ಸೆಂ.ಮೀ. ನೀರಿನ ಒತ್ತಡದಲ್ಲಿ ಪಕ್ಕದಿಂದ ಗಾಳಿ ಸೋರುವ ಅತಿ ದೊಡ್ಡ ಕೊಳವೆ ಯಾವುದೆಂದು ಕಂಡುಕೊಂಡು, ವಯಸ್ಸಿಗೆ ತಕ್ಕ ಗಾತ್ರದೊಂದಿಗೆ ಹೋಲಿಸಿದರೆ ದರ್ಜೆ ಸಿಗುತ್ತದೆ.

ಒಮ್ಮತವನ್ನು ಅಳೆಯಲು ಶೇಕಡಾವಾರು ಸಾಲದು. ಆಕಸ್ಮಿಕವಾಗಿಯೂ ಉತ್ತರಗಳು ಹೊಂದಬಹುದು. ಅದನ್ನು ಕಳೆದು ಲೆಕ್ಕ ಹಾಕುವ ಕಪ್ಪಾ ಸೂಚ್ಯಂಕವನ್ನು ಜೇಕಬ್ ಕೊಹೆನ್ 1960ರಲ್ಲಿ ಮುಂದಿಟ್ಟರು. ಇಬ್ಬರು ವೈದ್ಯರು ತಲಾ 100 ವಿಡಿಯೊ ನೋಡಿ, ಪ್ರತಿಯೊಬ್ಬರೂ 80ನ್ನು ಸೌಮ್ಯ, 20ನ್ನು ತೀವ್ರ ಎಂದರೆಂದೂ 84ರಲ್ಲಿ ಅವರ ಉತ್ತರ ಹೊಂದಿತೆಂದೂ ಭಾವಿಸೋಣ. ಆಕಸ್ಮಿಕವಾಗಿಯೇ 68 ಹೊಂದಬೇಕು. ಉಳಿದ 32ರಲ್ಲಿ ನಿಜವಾಗಿ ಗಳಿಸಿದ್ದು 16, ಕಪ್ಪಾ 0.5. ಲ್ಯಾಂಡಿಸ್ ಮತ್ತು ಕೋಚ್ 1977ರಲ್ಲಿ ಕೊಟ್ಟ ಮಾನದಂಡದಲ್ಲಿ ಇದು ಮಧ್ಯಮ ಮಟ್ಟದ ಒಮ್ಮತ ಮಾತ್ರ. ದರ್ಜೆಗಳಿಗೆ ಏರಿಕೆಯ ಕ್ರಮವಿದ್ದಾಗ ತೂಕಸಹಿತ ಕಪ್ಪಾ ಬಳಸುತ್ತಾರೆ. ಒಂದನ್ನು ಎರಡು ಎನ್ನುವುದಕ್ಕಿಂತ ಒಂದನ್ನು ನಾಲ್ಕು ಎನ್ನುವುದು ಅಲ್ಲಿ ದೊಡ್ಡ ವ್ಯತ್ಯಾಸವೆನಿಸುತ್ತದೆ.

ಒಮ್ಮತ ಹೆಚ್ಚಿಸುವ ಮಾರ್ಗಗಳು ಇದರಿಂದಲೇ ಹೊರಡುತ್ತವೆ: ಅಳೆಯಬಹುದಾದದ್ದನ್ನು ಅಳೆಯುವುದು, ಅರಿವಳಿಕೆಯ ಸ್ಥಿತಿಯನ್ನು ದಾಖಲಿಸುವುದು, ದರ್ಜೆಗಳ ಗಡಿಯನ್ನು ಮಾದರಿ ವಿಡಿಯೊಗಳ ಮೂಲಕ ಕಲಿಸುವುದು, ರೋಗಿಯ ವಿವರ ತಿಳಿಸದೆ ಇನ್ನೊಬ್ಬರ ಅಭಿಪ್ರಾಯ ಪಡೆಯುವುದು. ಆದರೆ ಒಮ್ಮತವಿದ್ದ ಮಾತ್ರಕ್ಕೆ ದರ್ಜೆ ಸರಿಯೆಂದಾಗದು. ಎಲ್ಲರೂ ಒಂದೇ ರೀತಿ ತಪ್ಪಬಹುದು. ದರ್ಜೆಯು ಮಗುವಿನ ಉಸಿರಾಟ, ಆಹಾರ ಸೇವನೆ, ತೂಕದ ಏರಿಕೆ ಮತ್ತು ಶಸ್ತ್ರಚಿಕಿತ್ಸೆಯ ಫಲಿತಾಂಶಗಳಿಗೆ ಹೊಂದಿದಾಗಲೇ ಆ ವರ್ಗೀಕರಣ ಚಿಕಿತ್ಸೆಗೆ ಆಧಾರವಾಗಬಲ್ಲದು.