ಬೇಡರ ಗುರಿ, ಕೊಡವರ ತೆಂಗಿನಕಾಯಿ



ಸುರಪುರದ ಮಗ್ಗುಲಲ್ಲಿರುವ ರಂಗಂಪೇಟೆಯಲ್ಲಿ ನಿಂತು ಸುತ್ತಣ ಕಲ್ಲುಗುಡ್ಡಗಳನ್ನು ನೋಡಿದವರಿಗೆ, ಬೇಡರ ಬಂದೂಕಿನ ಗುರಿ ಅಷ್ಟೊಂದು ಪ್ರಖ್ಯಾತವಾದುದೇಕೆಂದು ವಿವರಿಸಿ ಹೇಳಬೇಕಾಗಿಲ್ಲ. 1705ರಲ್ಲಿ, ತನ್ನ ಕೊನೆಯ ಮುತ್ತಿಗೆಯನ್ನು ಖುದ್ದಾಗಿ ನಡೆಸಲು ಬಂದ ವಯೋವೃದ್ಧ ಔರಂಗಜೇಬನನ್ನು ಬೇಡರ ದೊರೆ ಪಿಡ್ಡನಾಯಕನ ಬಂಟರು ವಾಗಣಗೇರಾದ ಬಂಡೆಗಳ ಮರೆಯಿಂದ ವಾರಗಟ್ಟಲೆ ತಡೆದು ನಿಲ್ಲಿಸಿದರು; ಕಡೆಗೆ ಕೋಟೆ ಮೊಗಲರ ವಶವಾಯಿತಾದರೂ ನಾಯಕನು ಸೆರೆಸಿಕ್ಕಲಿಲ್ಲ.

ಆ ವಿದ್ಯೆಗೆ ಮುಂದೆ ದುರ್ದಿನಗಳು ಬಂದುವು. 1857ರ ನಿಶ್ಶಸ್ತ್ರೀಕರಣ ಶಾಸನವನ್ನು ಧಿಕ್ಕರಿಸಿ ಆಯುಧ ಒಪ್ಪಿಸಲೊಲ್ಲದ ಹಲಗಲಿಯ ಬೇಡರ ಊರನ್ನು ಕಂಪನಿಯ ದಂಡು ಸುಟ್ಟಿತು. ಮರುವರ್ಷವೇ ಸುರಪುರದ ರಾಜಾ ವೆಂಕಟಪ್ಪನಾಯಕನು ದಂಗೆಯೆದ್ದು ಅಳಿದನು. ಕೈಯಿಂದ ಕೋವಿ ಹೋದ ಮೇಲೆ ಕಣ್ಣಿನ ಅಭ್ಯಾಸವು ಎಷ್ಟು ತಲೆಮಾರು ಉಳಿದೀತು?

ಕೊಡಗಿನ ವಿಧಿ ಬೇರೆಯಾಯಿತು. ಅಲ್ಲಿನವರಿಗೆ ಆಯುಧ ಶಾಸನದಿಂದ ವಿನಾಯಿತಿ ದೊರೆತುದರಿಂದ, ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್‌ ಪೂ ಎಂಬ ಕೋವಿಹೂವನ್ನು ಮುಡಿಸಿ ಪೂಜಿಸುವ ಪದ್ಧತಿಯೂ, ಎತ್ತರದ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವೂ ಇಂದಿಗೂ ಬಾಳಿವೆ. ಈ ಪಂದ್ಯದ ಸೊಗಸೇ ಬೇರೆ: ಕಾಗದದ ಗುರಿಯಲ್ಲಿ ತೂತನ್ನು ಎಣಿಸಿ ಅಳೆಯಬೇಕು, ಕಾಯಿಯಾದರೋ ಒಡೆದು ಚೂರಾಗಿ ತಾನೇ ತೀರ್ಪು ಹೇಳಿಬಿಡುತ್ತದೆ.

ಇದೇ ಗುಣವನ್ನು ನೆಚ್ಚಿ, ಗುಂಡುತಡೆ ಅಂಗಿಗಳ ತಯಾರಕನಾದ ಅಮೆರಿಕದ ರಿಚರ್ಡ್ ಡೇವಿಸ್ ಎಂಬಾತನು 1975ರಲ್ಲಿ ಮಿಶಿಗನ್ ಪ್ರಾಂತದ ಸೆಂಟ್ರಲ್ ಲೇಕ್ ಎಂಬಲ್ಲಿ ಬೌಲಿಂಗ್ ಪಿನ್‌ಗಳ ಪಂದ್ಯವನ್ನು ಆರಂಭಿಸಿದನು. ಹದಿನೈದು ಅಂಗುಲ ಎತ್ತರ, ಒಂದೂವರೆ ಕಿಲೋಗ್ರಾಮಿಗೆ ಮಿಕ್ಕ ತೂಕ, ಕಿರಿದಾದ ಕೊರಳು, ಉಬ್ಬಿದ ಹೊಟ್ಟೆ. ಇಂಥ ಐದು ಮರದ ಪಿನ್‌ಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಇಪ್ಪತ್ತೈದು ಅಡಿ ದೂರದಿಂದ ಪಿಸ್ತೂಲಿನಿಂದ ಹೊಡೆದು, ಐದನ್ನೂ ಎಲ್ಲರಿಗಿಂತ ಬೇಗನೆ ಮೇಜಿನಿಂದ ಕೆಳಗೆ ಕೆಡಹಿದವನೇ ಗೆದ್ದವನು. ಉರುಳಿಸಿದರೆ ಸಾಲದು, ಬೀಳಿಸಬೇಕು. ಗುಂಡು ಹೊಟ್ಟೆಯ ನಡುವಿಗೆ ತಗುಲಿದರೆ ಪಿನ್ ಹಿಂದಕ್ಕೆ ಎಗರಿ ನೆಲಕ್ಕುರುಳುತ್ತದೆ. ಅಂಚನ್ನು ಸವರಿದರೆ ಮಾತ್ರ ಮೇಜಿನ ಮೇಲೆಯೇ ಮಲಗಿ ಗರಗರನೆ ತಿರುಗಹತ್ತುತ್ತದೆ, ಮಲಗಿದ ಪಿನ್ನನ್ನು ಹೊಡೆಯುವುದೋ ನಿಂತುದಕ್ಕಿಂತ ಬಲು ಕಷ್ಟ. ಆತುರಗಾರನು ಸೋಲುವುದು ಇಲ್ಲಿಯೇ.

ನಮ್ಮ ಸೀಮೆಯ ತರುಣರಿಗೂ ಇಂಥದೊಂದು ಪಂದ್ಯ ಒದಗಲೆಂದು ನನ್ನ ಹಂಬಲ. ಪರವಾನಗಿ ಪಡೆದ ಗುರಿಮೈದಾನ, ಗುಂಡನ್ನು ನುಂಗಿಕೊಳ್ಳುವಂತೆ ಮೇಜಿನ ಹಿಂದೆ ಎತ್ತರವಾದ ಮಣ್ಣಿನ ದಿಬ್ಬ, ಒಬ್ಬನೇ ನಾಯಕನ ಅಪ್ಪಣೆ, ಅವನ ಮಾತಿಲ್ಲದೆ ಯಾರೂ ಆಯುಧವನ್ನು ಮುಟ್ಟಬಾರದೆಂಬ ಕಟ್ಟುಪಾಡು, ಗಟ್ಟಿ ಮರಕ್ಕೆ ತಾಗಿದ ಗುಂಡು ಒಮ್ಮೊಮ್ಮೆ ಮರಳಿ ಸಿಡಿಯುವುದರಿಂದ ನೋಡುವವರಿಗೂ ಕಣ್ಣಿಗೆ ಕಾಪು: ಇವಿಷ್ಟೂ ಮೊದಲು ಸಿದ್ಧವಾಗಬೇಕು. ಪಿನ್ ದೊರೆಯದಿದ್ದರೆ ಚಿಂತೆಯಿಲ್ಲ, ಸುರಪುರದ ಸಂತೆಯಲ್ಲಿ ತೆಂಗಿನಕಾಯಿಗೆ ಬರವಿಲ್ಲ.